ನೆಲ ಡೊಂಕು

ಕುತಾಯಿಸಿಯಲ್ಲಿ ಆ ಚಳಿಗಾಲ ನಾವು ಮೂವರು
ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು
ಕುಣಿತ ಕಲಿಸುವ ಜಾಲತಾಣ ಕಟ್ಟುತ್ತಿದ್ದೆವು.
ಕೆಳಗೆ ರೊಟ್ಟಿ, ಮೇಲೆ ಕೋಡ್;
ಎರಡೂ ಬೆಳಗಿನ ಜಾವಕ್ಕೆ ಸೀಯುತ್ತಿದ್ದವು.

ಬೆಸಾರಿಯೋನ್ ಬರೆದ ಯಂತ್ರಕ್ಕೆ ಮೈಯೆಂದರೆ
ಹದಿನೇಳು ಚುಕ್ಕಿ, ನಡುನಡುವೆ ಗೆರೆ.
ಮೊಣಕೈಗೊಂದು, ಮಂಡಿಗೊಂದು.
ತಪ್ಪಿದರೆ ಕೆಂಪು, ಸರಿಯಿದ್ದರೆ ಹಸಿರು.
ಗಂಡಸರ ಕುಣಿತಕ್ಕೆ ಇದು ಒಗ್ಗಿತು:
ಮಂಡಿಯೂರಿ ನೆಗೆವ, ಗಿರಕಿ ಹೊಡೆವ ಹುಡುಗರನ್ನು
ಪರದೆ, ಸಿಗ್ನಲ್ಲಿನ ಪೊಲೀಸಿನಂತೆ, ತಡೆದು ತಡೆದು ಬಿಟ್ಟಿತು.

ಕಾರ್ತುಲಿಯ ಪಾಠ ಬಂದಾಗ ಸಿಕ್ಕಿಬಿದ್ದೆವು.
ಹೆಂಗಸರದು ನೆಲ ಗುಡಿಸುವ ಲಂಗ. ಅದರೊಳಗೆ
ಪಾದವಿದೆ ಎಂಬುದು ನಂಬಿಕೆಯ ಮಾತು.
ಹೆಜ್ಜೆ ಕಾಣಬಾರದು, ಅದೇ ಅಲ್ಲಿ ಕಲೆ;
ಯಾರೋ ಮೇಜಿನ ಮೇಲೆ ತುಂಬಿದ ಲೋಟ ಸರಿಸಿದಂತೆ
ಸರಿಯಬೇಕು, ತುಳುಕದೆ.
ಯಂತ್ರ ಹುಡುಕಿತು, ಹುಡುಕಿತು, ಕೆಂಪಕ್ಷರದಲ್ಲಿ ಬರೆಯಿತು:
‘ಪಾದ ಪತ್ತೆಯಾಗಿಲ್ಲ. ಕ್ಯಾಮೆರಾ ಸರಿಪಡಿಸಿ.’

ಎತೇರಿ ಟೀಚರು ನಕ್ಕರು. ಎಪ್ಪತ್ತೊಂದರ ನಗು,
ಎರಡು ಹಲ್ಲು ಕಮ್ಮಿ.
‘ಈ ಒಂದು ಮಾತು ಕೇಳಲೆಂದೇ ನಲವತ್ತು ವರ್ಷ
ಹುಡುಗಿಯರನ್ನು ಗೋಳು ಹೊಯ್ದುಕೊಂಡಿದ್ದೇನೆ.
ಹೊಗಳಿಕೆಗೆ ಕೆಂಪು ಯಾಕೆ ಬಳಿದಿರಿ?’

ಚುಕ್ಕಿಗಳನ್ನು ಅಳಿಸಿದೆವು.
ವೀಡಿಯೋ, ಕೆಳಗೊಂದು ಉದ್ದ ಗೆರೆ,
ಗೆರೆಯ ಮೇಲೆ ಬೆರಳಿಟ್ಟಲ್ಲಿ ಟೀಚರ ದನಿ. ಇಷ್ಟೇ.
ಮೊದಮೊದಲು ಅವರು ಪರದೆಗೆ ಬಾಯಿಟ್ಟು ಕೂಗುತ್ತಿದ್ದರು,
ಬಾವಿಗೆ ಬಿದ್ದವರನ್ನು ಮಾತಾಡಿಸುವಂತೆ.

ಸಲೆರ್ನೊದಿಂದ ಮ್ಜಿಯಾ ಕಳಿಸುತ್ತಿದ್ದಳು, ರಾತ್ರಿ ಹನ್ನೊಂದಕ್ಕೆ,
ತಾನು ನೋಡಿಕೊಳ್ಳುವ ಮುದುಕಿಗೆ ನಿದ್ದೆ ಹತ್ತಿದ ಮೇಲೆ.
ಅಡುಗೆಮನೆ. ವಾಷಿಂಗ್ ಮೆಷಿನ್ನಿನ ಮೇಲೆ ಫೋನು.
ಲಂಗವಿಲ್ಲ; ಮೇಜಿನ ಬಟ್ಟೆಯನ್ನೇ ಸೊಂಟಕ್ಕೆ ಸುತ್ತಿ
ಫ್ರಿಜ್ಜಿನಿಂದ ಬಾಗಿಲಿಗೆ, ಬಾಗಿಲಿಂದ ಫ್ರಿಜ್ಜಿಗೆ.
ಹಾಡು ಅವಳ ಕಿವಿಯೊಳಗೆ ಮಾತ್ರ;
ನಮಗೆ ಕೇಳಿಸುತ್ತಿದ್ದದ್ದು ಒಳಕೋಣೆಯ ಕೆಮ್ಮು.
ಅದು ಬಂದಾಗ ನಿಲ್ಲುತ್ತಿದ್ದಳು,
ಮತ್ತೆ ಸರಿಯುತ್ತಿದ್ದಳು.

ಕಿಟಕಿಯ ಬಳಿ ಬಂದಾಗಲೆಲ್ಲ ಎಡಭುಜ ಜಾರುತ್ತಿತ್ತು.
ಒಂಬತ್ತು ವೀಡಿಯೋ. ಒಂಬತ್ತರಲ್ಲೂ ಅಲ್ಲೇ.
ಕೊನೆಯದರ ಜೊತೆ ಬರೆದಳು: ‘ಐವತ್ತಮೂರಾಯಿತು.
ಕಾಲು ಮಾತು ಕೇಳುತ್ತಿಲ್ಲ. ಬಿಡುತ್ತೇನೆ.’

ಅವಳ ಹಣ ವಾಪಸು ಮಾಡಲು ಗುಂಡಿ ಹುಡುಕಿದೆ;
ಆ ಗುಂಡಿಯನ್ನು ನಾವಿನ್ನೂ ಕಟ್ಟಿರಲಿಲ್ಲ.
ಟೀಚರು ಕನ್ನಡಕ ಹಣೆಗೇರಿಸಿ
ಪರದೆಗೆ ಮೂಗು ತಾಗಿಸಿ, ಮೇಜುಬಟ್ಟೆಯ ಅಂಚನ್ನೇ ನೋಡಿದರು.
ಹಿಂದಕ್ಕೆ. ಮುಂದಕ್ಕೆ. ಮತ್ತೆ ಹಿಂದಕ್ಕೆ.
ಆಮೇಲೆ ಗೆರೆಯ ಮೇಲೆ ಬೆರಳಿಟ್ಟು,
ಮೊದಲ ಸಲ ಕೂಗದೆ, ಅಂದರು:

‘ಮ್ಜಿಯಾ, ಒಂದು ಕಿತ್ತಳೆ ತಗೋ. ಕಿಟಕಿ ಹತ್ತಿರ ನೆಲಕ್ಕಿಡು.’

ಹತ್ತನೆಯ ವೀಡಿಯೋದಲ್ಲಿ ಅವಳಿರಲಿಲ್ಲ.
ಬರೀ ನೆಲ, ಹಳೇ ಟೈಲು,
ಕಿತ್ತಳೆಯನ್ನು ಬಿಟ್ಟ ಒಂದು ಕೈ.
ಹಣ್ಣು ಅರೆಗಳಿಗೆ ಯೋಚಿಸಿತು.
ಆಮೇಲೆ ಮೆಲ್ಲಗೆ, ಯಾವ ಹೆಜ್ಜೆಯೂ ಕಾಣದಂತೆ,
ಎಡಕ್ಕೆ ಸರಿಯುತ್ತ ಸರಿಯುತ್ತ ಒಲೆಯಡಿಗೆ ಹೋಯಿತು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ —
ಈ ಗಾದೆ ಹೇಳಿ ಎಷ್ಟು ಹುಡುಗಿಯರನ್ನು ಮನೆಗಟ್ಟಿದೆನೋ ಎಂದು
ಟೀಚರು ಆ ಸಂಜೆ ಎಣಿಸಹೋದರು.
ಹನ್ನೊಂದಕ್ಕೆ ನಿಲ್ಲಿಸಿ, ಚಹಾ ಕೇಳಿದರು.

ಕಿತ್ತಳೆಗೆ ಪೂರ್ತಿ ಅಂಕ ಕೊಡಿ ಅಂದದ್ದೂ ಅವರೇ.
ಬೆಸಾರಿಯೋನ್ ಕೊಟ್ಟೇಬಿಟ್ಟ. ಪಟ್ಟಿಯಲ್ಲಿ
ಇಂದಿಗೂ ಅದೇ ಮೊದಲು.

ಮ್ಜಿಯಾ ಈಗ ಒಳಕೋಣೆಯಲ್ಲಿ ಕುಣಿಯುತ್ತಾಳೆ.
ಅಲ್ಲಿ ನೆಲ ಸಮ.
ಮುದುಕಿ ಎಚ್ಚರ.