ಬೆರಳು ಒಪ್ಪದ ಬೆಳಗು

ಪಾಳಿ ಆರಕ್ಕೆ. ಐದೂ ಮುಕ್ಕಾಲಿಗೇ
ಮಾಚೇನಹಳ್ಳಿಯ ಗೇಟಿನಲ್ಲಿ ಗುತ್ಯಮ್ಮ
ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒತ್ತುತ್ತಾಳೆ,
ಉಫ್ ಎಂದು ಊದಿ ಮತ್ತೆ ಒತ್ತುತ್ತಾಳೆ.
ಕೆಂಪು ದೀಪ. ದಯವಿಟ್ಟು ಪುನಃ ಪ್ರಯತ್ನಿಸಿ
ಎನ್ನುತ್ತದೆ ಯಂತ್ರ, ಬಹಳ ಮರ್ಯಾದೆಯಿಂದ.
ಹಿಂದಿನ ಸಾಲು ಗೊಣಗುತ್ತದೆ.

ಹನ್ನೊಂದು ವರ್ಷ ಕೋರ್ ಶಾಪಿನ ಮರಳು
ತುಂಬಿ, ತಟ್ಟಿ, ಸವರಿ
ಬೆರಳ ಗೆರೆಯೆಲ್ಲ ಸವೆದಿದೆ.
ಯಾವುದೋ ಘಟ್ಟ ಹತ್ತುವ ಲಾರಿಯ ಹೊಟ್ಟೆಯೊಳಗೆ
ಇಲ್ಲಿಂದ ಎರಕವಾಗಿ ಹೋದ ಕಬ್ಬಿಣದಲ್ಲಿ
ಆ ಗೆರೆಗಳು ಓಡಾಡುತ್ತಿರಬೇಕು.
ನನ್ನ ಪರದೆಯಲ್ಲಿ ಮಾತ್ರ ಅವಳು ಗೈರು.

ನಾನು ಇಲ್ಲಿಯ ಎಚ್ಚಾರ್.
ಮಾನವ ಸಂಪನ್ಮೂಲ: ಬೀಡುಕಬ್ಬಿಣ, ಕೋಕು, ಸುಣ್ಣದಕಲ್ಲು,
ಆ ಪಟ್ಟಿಯ ಕೆಳಗೆ ಇನ್ನೊಂದು ಸಾಲಿನಂಥ ಹೆಸರು.
ಸೋಮವಾರ ಪುಣೆಯಿಂದ ಒಂದು ಮುಖ
ಪರದೆಗೆ ಬಂದು ಕೇಳುತ್ತದೆ:
ಎಷ್ಟು ಜನ ಬಿಟ್ಟರು? ಯಾಕೆ?
ಉಳಿದವರ ಖುಷಿ ಹತ್ತಕ್ಕೆ ಎಷ್ಟು?
ಬಿಟ್ಟು ಹೋಗುವವರ ನಮೂನೆಯಲ್ಲಿ ಕಾರಣ ಐದೇ.
ಹೋದ ತಿಂಗಳು ಮೋಲ್ಡಿಂಗಿನ ಜಬೀವುಲ್ಲಾ
ಐದನ್ನೂ ಓದಿ, ಪೆನ್ನು ವಾಪಸು ಕೊಟ್ಟು,
'ಸಾಕಾಯ್ತು ಅನ್ನೋದು ಇಲ್ವಾ ಮೇಡಂ?' ಅಂದ.
ನಾನು ವೈಯಕ್ತಿಕ ಎಂಬುದಕ್ಕೆ ಗುರುತು ಹಾಕಿದೆ.

ಗುತ್ಯಮ್ಮ ನನ್ನ ಮೇಜಿನ ತನಕ ಬಂದಳು.
'ನಮ್ಮವ್ವನ್ನ ಹೆಬ್ಬೆಟ್ಟು ಹೆಬ್ಬೆಟ್ಟು ಅಂತ
ಸೊಸೈಟೀಲಿ ಆಡ್ಕಂಡು ನಕ್ಕಿದ್ರು.
ಅದ್ಕೇ ರಾತ್ರಿ ಶಾಲೆಗೆ ಹೋಗಿ ರುಜು ಕಲ್ತೆ.
ಈಗ ನೋಡಿದ್ರೆ ನೀವೂ ಹೆಬ್ಬೆಟ್ಟೇ ಕೇಳ್ತೀರಿ.
ಕೊಟ್ರೆ, ಅದೂ ಬ್ಯಾಡ ಅಂತೀರಿ!'

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೇ ನಕ್ಕಳು.

ಹಳೆಯ ಹಾಜರಿ ಪುಸ್ತಕ ಕಪಾಟಿನಲ್ಲಿತ್ತು.
ದೂಳು ಕೊಡವಿ ಕೊಟ್ಟೆ.
ಗೋಡೆಯಲ್ಲಿ ಆರೂ ಇಪ್ಪತ್ತು. ಅವಳು
ಐದೂ ಮುಕ್ಕಾಲು ಎಂದು ಬರೆದಳು, ನಿಜವೇ ಅದು.
ಗು ಅಕ್ಷರದ ಕೊಂಬನ್ನು ಪಕ್ಕದ ಮನೆಯವರೆಗೂ ಎಳೆದು
ಕೊನೆಗೊಂದು ಚುಕ್ಕೆ, ಮೊಳೆ ಹೊಡೆದ ಹಾಗೆ.

ಆ ಪುಟವನ್ನು ಯಾವ ತಂತ್ರಾಂಶವೂ ಓದುವುದಿಲ್ಲ.
ಅರ್ಧ ದಿನದ ಸಂಬಳ ಕಡಿತವಾದರೆ
ನಾನು ಪುಣೆಗೆ ಬರೆಯಬೇಕು. ಬರೆದರೆ
ಅಲ್ಲೂ ಈಗ ಯಂತ್ರವೇ ಉತ್ತರಿಸುತ್ತದೆ:
ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.
ಬರುವ ವರ್ಷ ಈ ಕುರ್ಚಿಗೂ ಅದೇ ಬಂದು ಕೂರಬಹುದು,
ಆಗ ನನ್ನ ನಮೂನೆಗೆ ಯಾವ ಕಾರಣವೋ.

ಸಂಜೆ ಭದ್ರಾವತಿ ಬಸ್ಸು ಹಾರ್ನು ಹೊಡೆಯುತ್ತಿತ್ತು.
ಹೊರಡುವ ಅವಸರದಲ್ಲಿ ಬೆರಳಿಟ್ಟೆ.
ಮುಟ್ಟುವ ಮೊದಲೇ ಎಂಬಂತೆ ಹಸಿರು.
ದೀಪದ ಬೆಳಕಿಗೆ ಹಿಡಿದು ನೋಡಿಕೊಂಡೆ:
ಒಂದು ಗೆರೆಯೂ ಸವೆದಿರಲಿಲ್ಲ.