ಎರಡು ಬೆರಳಿನ ಸಂದು

ಬೆಟಗೇರಿಯೊಳಗ ನಮ್ಮ ಹಿತ್ತಲ ಅಂದ್ರ ಎಷ್ಟು?
ಹದಿನೆಂಟು ಫೂಟು ಉದ್ದ, ಹನ್ನೊಂದು ಅಗಲ,
ಮೂಲ್ಯಾಗೊಂದು ಕರಿಬೇವು.
ಅರ್ಧ ಕಟಗಿ ಹಾಸ್ರಿ, ಅರ್ಧ ಫರಸಿ ಅಂದೆ.
ಗೌಂಡಿ ಹಜರೇಸಾಬ ಟಾವೆಲ್ಲೀಲೆ ಮಾರಿ ಒರಸಿಕೊಂಡ:
"ಯಾವುದರ ಒಂದು ಮಾಡ್ರಿ ಬಾಯಾರ.
ಅಂಬಲಿಯೊಳಗ ಚಾ ಹಾಕ್ಕೊಂಡು ಕುಡದಾರೇನು ಯಾರರ?"

ಕಟಗಿ ನನ್ನವು.
ಹುಬ್ಬಳ್ಳಿ ಗುಜರಿಯವನ ಕಡೆ ಚೌಕಾಶಿ ಮಾಡಿ ತಂದ ಒಂಬತ್ತು ಸ್ಲೀಪರು,
ಯಾವುದೋ ಹಳ್ಳದ ಸೇತುವಿ ಮ್ಯಾಲಿನವು,
ಮೊಳಿ ಕಿತ್ತ ತೂತು ಇನ್ನೂ ಬಾಯಿ ತಕ್ಕೊಂಡಾವು.
ಅಪ್ಪ ಸತ್ತ ಮ್ಯಾಲೆ ಅವನ ಸುತ್ತಿಗಿ ನನಗ ಬಂತು,
ಅವನ ಕೆಂಪು ನಿಶಾನಿ, ಅವನ ಆರು ಕಿಲೋಮೀಟರು.
ಕಣಗಿನಹಾಳ ದಾಟಿ ಹರ್ಲಾಪುರದ ಕಡೆ,
ಹೋಗೂದು ಒಂದು ಹಳಿ ನೋಡಕೋತ, ಬರೂದು ಇನ್ನೊಂದು,
ಸಡ್ಲಾದ ಕೀಲಿ ಕಂಡಲ್ಲೆ ನಿಂತು ಬಡಿಯೂದು.
ಇಪ್ಪತ್ತಾರು ವರ್ಷ.
ರಿಟಾಯರ್ ಆದ್ರೂ ಹೆಜ್ಜಿ ಅಷ್ಟ ಅಳತಿ,
ಬಜಾರದಾಗ ನನ್ನ ಜೋಡಿ ಬಂದವರು
ಓಡಬೇಕು, ಇಲ್ಲಾ ಹಿಂದ ಉಳೀಬೇಕು.

ಕಲ್ಲು ನಮ್ಮವರದು.
ಪ್ರೆಸ್ಸು ಮುಚ್ಚಿ, ಮಾಲಕರ ಮಗ ಅಲ್ಲಿ
ರೆಡಿಮೇಡ್ ಅಂಗಡಿಗೆ ಟೈಲ್ಸ್ ಹಾಕಿಸೂ ದಿನ
ಕಿತ್ತೊಗದ ಶಹಾಬಾದಿ ಫರಸಿ ತಳ್ಳುಗಾಡಿ ಮ್ಯಾಲ ಮನಿಗೆ ಬಂದ್ವು.
ಒಂದರ ನಡು ತಗ್ಗು ಬಿದ್ದದ, ಅಂಗೈಯಷ್ಟು.
ಅಲ್ಲೇ ನಿಂತು ಅಚ್ಚಿನ ಮೊಳಿ ಜೋಡಿಸಿದ್ರು:
ಲಗ್ನಪತ್ರ, ಶಿವಗಣಾರಾಧನಿ, ಶೇಂಗಾ ಎಣ್ಣಿಯ ಚೀಟಿ,
ಸಂಘದ ಚುನಾವಣಿ, ಕಳಕೊಂಡ ಆಕಳಾ.
ಎಲ್ಲಾ ಉಲ್ಟಾ ಓದಿ ಓದಿ
ಈಗ್ಲೂ ನಾ ಹೇಳಿದ್ದು ಇವರಿಗೆ ಮೊದಲು ಉಲ್ಟಾನ ತಿಳೀತದ.

ಜಗಳ ಹತ್ತಿದ್ದು ಎರಡೂ ಕೂಡೂ ಕಡೆ.
"ಸಿಮೆಂಟ್ ತುಂಬಿ ಬಂದ್ ಮಾಡ್ತೀನಿ, ಇರಿವಿ ಹೋಗಬಾರದು" ಅಂದ ಹಜರೇಸಾಬ.
"ಮಾಡು. ಮಿರಗ ಮಳಿ ಬಿದ್ದು ಕಟಗಿ ಉಬ್ಬಲಿ,
ನಿನ್ನ ಸಿಮೆಂಟು ಹಪ್ಪಳ ಆಗ್ತದ" ಅಂದ ಬಡಿಗ್ಯಾರ ಮೌನೇಶ.
ಚಾ ಆರಿತು. ಇನ್ನೊಮ್ಮೆ ಕಾಸಿದೆ, ಅದೂ ಆರಿತು.

ಹಳಿಗೂ ಹಳಿಗೂ ನಡುವ ಸಂದು ಬಿಡ್ತಾರ, ನಾ ಹೇಳಿದೆ.
ಬಿಸಿಲಿಗೆ ಕಬ್ಬಿಣ ಬೆಳೀತದ,
ಜಾಗಾ ಕೊಡದಿದ್ರ ಅಡ್ಡಾಗ್ತದ ಹಾವಿನಂಗ,
ಏಪ್ರಿಲ್ ಮಧ್ಯಾಹ್ನ ನಾ ಕಣ್ಣಾರೆ ಕಂಡೇನಿ,
ನಿಶಾನಿ ಹಿಡಕೊಂಡು ಗಾಡಿ ಎದುರು ಓಡೇನಿ.
ಆಗ ಇವರು, ಅಡಕಿ ತುಂಡು ಬಾಯಾಗ ಇಟ್ಟಕೊಂಡವರು,
ಅದನ್ನ ತಗದು ಹೇಳಿದ್ರು:
"ಶಬ್ದಕ್ಕೂ ಶಬ್ದಕ್ಕೂ ನಡುವ ಒಂದು ಖಾಲಿ ಸೀಸ ಇಡ್ತೀವಿ.
ಅದು ಮಸಿ ಮುಟ್ಟೂದಿಲ್ಲ, ಕಾಗದಾ ಮುಟ್ಟೂದಿಲ್ಲ.
ಇಡದಿದ್ರ ಓದಾಕ ಬರೂದಿಲ್ಲ."

ಹಂಗಾರ ಎರಡು ಬೆರಳು ಬಿಡೋಣು ಅಂದ್ರು. ಯಾರ ಬೆರಳು?
ಹಜರೇಸಾಬನವು ದಪ್ಪ, ಮೌನೇಶಂದು ಒಂದು ಅರ್ಧ ರಂದಾದಾಗ ಹೋಗಿತ್ತು.
ಕಡೀಕ ನನ್ನವು ಇಟ್ಟು ಗೀಟು ಹೊಡದ್ರು.
ಕೆಳಗ ಹಳ್ಳ, ಮ್ಯಾಲ ಕರಿ ಉಂಡಗಲ್ಲು,
ಪೈಪಿನಾಗ ನೀರು ಹಿಡದು ಮಟ್ಟ ನೋಡಿ
ಕರಿಬೇವಿನ ಕಡೆ ಒಂದು ನೂಲು ಇಳಿಜಾರು.

ಈಗ ಬ್ಯಾಸಗಿ. ಫರಸಿ ಹಂಚಿನಂಗ ಕಾಯ್ತದ,
ಸ್ಲೀಪರಿನೊಳಗಿನ ಡಾಂಬರು ಬೆವತು
ನನ್ನ ಎರಡು ಸೀರಿ ಕೆಡಿಸೇದ.
ವಾಸನಿ ಬಂದ್ರ ಎದ್ದು ಡ್ಯೂಟಿಗೆ ಹೋಗಬೇಕನಸ್ತದ.
ಹೊತ್ತು ಮುಣುಗಿದ ಮ್ಯಾಲೆ ಕಲ್ಲಿಗೆ ನೀರು ಹೊಡದು
ಇವರು ತಮ್ಮ ತಗ್ಗಿನಾಗ ಬರಿಗಾಲಿಲೆ ನಿಲ್ತಾರ.
"ಕುರ್ಚಿ ಐತಿ."
"ಕೂತು ರೂಢಿಲ್ಲ."
ದೂರ ಗಾಡಿ ಕೂಗ್ತದ. "ಏಳು ನಿಮಿಷ ತಡ" ಅಂತೀನಿ,
ಯಾರೂ ಕೇಳಿಲ್ಲ.

ಮೊನ್ನೆ ಕಿಸೆದಾಗಿಂದ ಒಂದು ಮೊಳಿ ಬಿತ್ತು,
ಪ್ರೆಸ್ಸಿನಿಂದ ತಂದಿಟ್ಟಕೊಂಡಿದ್ದು, 'ಳ'.
ಸಂದಿನಾಗ ಹೋಗಿ ಕೂತದ.
ಕಡ್ಡಿ ಹಾಕಿ ನೋಡಿದ್ವಿ, ಬೆಳಕು ಬಿಟ್ಟು ನೋಡಿದ್ವಿ, ಕಾಣ್ತದ, ಬರೂದಿಲ್ಲ.
ಮೌನೇಶನ ಕರೀಲೇನು ಅಂದೆ.
"ಬ್ಯಾಡ. ಮಳಿಗಾಲಕ್ಕ ಕಟಗಿ ಹಿಡಕೋತದ.
ಬ್ಯಾಸಗಿಗೆ ಬಿಡ್ತದ.
ಆವಾಗ ನೋಡೂಣು."