ಮಂಡಕ್ಕಿಯ ತೂಕ

ನಮ್ಮ ಭಟ್ಟಿಯಲ್ಲಿ ಒಂದು ಚೀಲ ಅಕ್ಕಿ
ನೋಡನೋಡುತ್ತ ಏಳೆಂಟು ಚೀಲವಾಗುತ್ತದೆ.
ಕಾದ ಮರಳಿಗೆ ಬಿದ್ದದ್ದೇ ತಡ, ಚಟಪಟ,
ಕಾಳು ತನ್ನ ಮೈಗಿಂತ ದೊಡ್ಡದಾಗಿ ಏಳುತ್ತದೆ.
ತಲೆ ಮೇಲೆ ಎರಡು ಚೀಲ ಹೊತ್ತು ಓಡುವ ನನ್ನ ಕಂಡು
ದಾವಣಗೆರೆಗೆ ಹೊಸಬರು ಬಾಯಿ ಬಿಡುತ್ತಾರೆ.
ಅವರಿಗೇನು ಗೊತ್ತು, ಒಳಗಿರುವುದು
ಮುಕ್ಕಾಲು ಗಾಳಿ.

ಹದಿನಾಲ್ಕು ವರ್ಷದಿಂದ ಇದು ಗೊತ್ತಿದ್ದವನಿಗೆ
ಮಗಳ ಹೊಟ್ಟೆಯ ಲೆಕ್ಕ ಗೊತ್ತಾಗಲಿಲ್ಲ.

ರಾತ್ರಿ ಎರಡಕ್ಕೆ ಭಟ್ಟಿ, ಬೆಳಿಗ್ಗೆ ಹತ್ತಕ್ಕೆ ಮನೆ.
ಹಸೀನಾ ಬಟ್ಟೆ ಅಂಗಡಿಗೆ ಹೊರಟು ನಿಂತಿರುತ್ತಾಳೆ,
ಅಲ್ಫಿಯಾಳನ್ನು ನನ್ನ ಹೆಗಲಿಗೆ, ಬೀಗದ ಕೈಯನ್ನು ಮೊಳೆಗೆ ಹಾಕಿ.
ನನ್ನ ಕಣ್ಣಲ್ಲಿ ಮರಳಿನಂಥ ನಿದ್ದೆ.
ಒಂದು ಬಟ್ಟಲು ಮಂಡಕ್ಕಿ ಮುಂದಿಟ್ಟರೆ
ಒಂದೊಂದೇ ಹೆಕ್ಕುತ್ತ ತಾಸುಗಟ್ಟಲೆ ಕೂರುವ ಕೂಸು.
ಮಧ್ಯಾಹ್ನಕ್ಕೆ ಚಹಾದಲ್ಲಿ ಅದ್ದಿದ ಬಿಸ್ಕತ್ತು.
ಅತ್ತರೆ ಐದು ರೂಪಾಯಿಯ ಕುರುಕಲು ಪಾಕೀಟು.
ಅಳುತ್ತಿದ್ದುದೇ ಅಪರೂಪ.
ಅಳದ ಮಗು ಉಂಡ ಮಗು ಅಂದುಕೊಂಡು ಮಲಗಿದೆ.

ಕೊಟ್ರಮ್ಮ ಟೀಚರ್ ಅಂಗನವಾಡಿಯ ತೊಲೆಗೆ ತಕ್ಕಡಿ ಕಟ್ಟಿ
ಚಡ್ಡಿಯಂಥ ಜೋಳಿಗೆಯಲ್ಲಿ ಇವಳನ್ನು ತೂಗುಬಿಟ್ಟಳು.
ಮುಳ್ಳು ಎಂಟೂವರೆಗೆ ನಿಂತಿತು.
ನಾನು ಕಾದೆ, ಇನ್ನೂ ಸರಿಯಬಹುದೆಂದು.
ಎರಡು ತುಂಬಿದ ಮಗು, ಎಂಟೂವರೆ ಕಿಲೋ;
ಚಾರ್ಟಿನ ಹಳದಿ ಪಟ್ಟಿಯೊಳಗೆ ಒಂದು ಚುಕ್ಕೆ.
"ಏನ್ ತಿನ್ನಸ್ತೀಯಪಾ ಹುಸೇನಿ?"
ಹೇಳಿದೆ.
ಬೈಯಲಿಲ್ಲ ಪುಣ್ಯಾತಗಿತ್ತಿ.
ನನ್ನ ಅಂಗಿ ಜೇಬಿಗೆ ಕೈ ಹಾಕಿ, ಸಿಕ್ಕ ಒಂದು ಹಿಡಿ ಮಂಡಕ್ಕಿಯನ್ನು
ಅಂಗೈ ಮೇಲಿಟ್ಟುಕೊಂಡು
ಉಫ್ ಅಂತ ಊದಿದಳು.

ಆಮೇಲೆ ಮಗಳ ಮುಷ್ಟಿ ಹಿಡಿದು ತೋರಿಸಿದಳು:
"ಹೊಟ್ಟೆ ಅನ್ನೋದು ಇಷ್ಟೇ ಇರ್ತತಿ. ಹೋಗೋದು ಸ್ವಲ್ಪ,
ಹೋಗಿದ್ದು ಭಾರ ಇರಬೇಕು."

ಅಂದಿನಿಂದ ನನ್ನ ನಿದ್ದೆ ಮಧ್ಯಾಹ್ನ ಒಂದಕ್ಕೆ ಸರಿಯಿತು.
ಮೊಳಕೆ ಬಂದ ರಾಗಿಯ ಗಂಜಿ ಗಂಟು ಗಂಟಾಯಿತು,
ಎರಡನೇ ದಿನ ತಳ ಹತ್ತಿತು.
ಹೆಸರುಬೇಳೆ ಅನ್ನ ಕಿವುಚಿ, ನುಗ್ಗೆಸೊಪ್ಪು ಸೇರಿಸಿ ಇಟ್ಟ ಮೊದಲ ತುತ್ತು
ನನ್ನ ಗಡ್ಡಕ್ಕೆ ಬಂತು.
ಶೇಂಗಾ ಹುರಿದು ನುಣ್ಣಗೆ ಕುಟ್ಟಿದೆ, ಇಡಿ ಬೀಜ ಗಂಟಲಿಗೆ ಸಿಕ್ಕೀತೆಂದು.
ಬೆಣ್ಣೆ ದೋಸೆಗೆ ಹೆಸರಾದ ಊರಿನಲ್ಲಿ ಹುಟ್ಟಿದವಳಿಗೆ
ಅರ್ಧ ಚಮಚ ಬೆಣ್ಣೆ ಆ ವಾರವೇ ಮೊದಲು.
ಪಪ್ಪಾಯಿಯನ್ನು ಮಾತ್ರ ಕೇಳಿ ಕೇಳಿ ತಿಂದಳು, ಗೋಡೆಗೂ ತಿನ್ನಿಸಿದಳು.
ಬೇಡ ಅಂದಾಗ ಬಾಯಿಗೆ ತುರುಕಬಾರದಂತೆ.
ತಟ್ಟೆ ತೆಗೆದು, ತಾಸು ಬಿಟ್ಟು, ಮತ್ತೆ ಇಟ್ಟೆ.
ಭಟ್ಟಿಯ ಕೆಲಸವೇ ಸಲೀಸು; ಅಲ್ಲಿ ಅಕ್ಕಿ
ಒಲ್ಲೆ ಅನ್ನುವುದಿಲ್ಲ.

ಒಂದು ದಿನ ಅಂಗಳದಲ್ಲಿ, ಇವಳು ಚೆಲ್ಲಿದ ಮಂಡಕ್ಕಿಯನ್ನು
ಪಕ್ಕದ ಮನೆ ಹಾಲಮ್ಮನ ಕೋಳಿ ಟಕಟಕ ಹೆಕ್ಕುತ್ತಿತ್ತು.
ನೋಡು ಮಗಳೇ, ಇದರಿಂದಲೇ ನಿನ್ನ ಮೊಟ್ಟೆ, ಅನ್ನಲು ಹೋದೆ.
ಕೋಳಿ ಅಷ್ಟಕ್ಕೇ ನಿಲ್ಲಲಿಲ್ಲ.
ಮೋರಿ ದಂಡೆಯ ಸೊಪ್ಪು ಕಿತ್ತಿತು, ತಿಪ್ಪೆ ಕೆದರಿ ಹುಳ ನುಂಗಿತು,
ಸುಣ್ಣದ ಗೋಡೆಗೆ ನಾಲ್ಕು ಸಲ ಕೊಕ್ಕು ಕುಟ್ಟಿ
ನನ್ನ ಕಡೆ ಒಂದು ಕಣ್ಣಲ್ಲಿ ನೋಡಿ
ಕೊಕ್ ಅಂದಿತು.

ಮೂರು ತಿಂಗಳಿಗೆ ಒಂಬತ್ತು ಕಿಲೋ ನೂರು ಗ್ರಾಂ.
ಚುಕ್ಕೆ ಇನ್ನೂ ಹಳದಿಯಲ್ಲೇ, ಮೇಲುಮುಖ.
ಸಂಜೆ ಈಗಲೂ ಒಂದು ಹಿಡಿ ಮಂಡಕ್ಕಿ ಉಂಟು,
ಟೊಮೆಟೊ, ಪುಟಾಣಿ ಪುಡಿ, ನಿಂಬೆಹುಳಿ ಕಲಸಿ, ಊಟ ಆದ ಮೇಲೆ.
ಅಪ್ಪನ ಕಸುಬು, ಪೂರ್ತಿ ಬಿಡಿಸಲು ಮನಸ್ಸಾಗಲಿಲ್ಲ.

ಅಂಗನವಾಡಿಯಿಂದ ಮನೆತನಕ ಹೊತ್ತು ತಂದು ಇಳಿಸಿ
"ಹೆಗಲು ನೋಯ್ತು" ಅಂದೆ ಹಸೀನಾಗೆ.
ಆರುನೂರು ಗ್ರಾಂಗೆ ಹೆಗಲು ನೋಯುವ ಹಮಾಲ
ಊರಲ್ಲೆಲ್ಲ ಒಬ್ಬನೇ ಇದ್ದಾನು,
ಅಂತ ನಕ್ಕು, ತಾನೂ ಎತ್ತಿ ನೋಡಿದಳು.
ಇಳಿಸಲಿಲ್ಲ.